ಫೋನ್ ಕಿತ್ತುಕೊಂಡರೆ ಮಗು ಬಾಯಿ ಬಿಡುವುದಿಲ್ಲ

ಮಾನ್ಯ ಸಂಪಾದಕರೇ,

ಕುಮಟಾದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮಕ್ಕಳಿಗೆ ಹೊಸ ಫೋನ್ ಕೊಡಿಸಲು ಪಾಲಕರು ಬರುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದರಲ್ಲಿ ಕೆಲವು ರಿಪೇರಿಗೆ ವಾಪಸ್ ಬರುತ್ತವೆ. ಕೈಜಾರಿ ಬಿದ್ದ ಫೋನು ಸಾಮಾನ್ಯವಾಗಿ ಮೂಲೆಯಲ್ಲಿ ಒಡೆಯುತ್ತದೆ. ಸಿಟ್ಟಿನಲ್ಲಿ ಎತ್ತಿ ಬಡಿದಿದ್ದರೆ ಡಿಸ್‌ಪ್ಲೇ ಪುಡಿಯಾಗಿ ಫ್ರೇಮೇ ಬಾಗಿರುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಏನಾಯ್ತು ಎಂದು ಕೇಳಿದರೆ, "ಇನ್‌ಸ್ಟಾದಲ್ಲಿ ಏನೋ ರಗಳೆ ಮಾಡ್ಕೊಂಡಿದೆ" ಎನ್ನುತ್ತಾರೆ ಅಪ್ಪ. ಪಕ್ಕದಲ್ಲಿ ಮಗು ತಲೆ ತಗ್ಗಿಸಿ ನಿಂತಿರುತ್ತದೆ.

ಎಷ್ಟೋ ಸಲ ಆ ಮಗು ಯಾವ ರಗಳೆಯನ್ನೂ ಮಾಡಿರುವುದಿಲ್ಲ. ಬೇರೆಯವರು ಮಾಡಿದ್ದನ್ನು ಸಹಿಸಿಕೊಂಡಿರುತ್ತದೆ, ಅಷ್ಟೇ.

ಪಿಯುಸಿ ಓದುವ ಹುಡುಗಿಯೊಬ್ಬಳು ಒಂದು ಸಂಜೆ ಒಬ್ಬಳೇ ಬಂದಳು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಮೀನುಗಾರರ ಮನೆಯ ಮಗು. "ಅಣ್ಣಾ, ಇದ್ರಲ್ಲಿರೋದೆಲ್ಲ ಅಳಿಸಿ ಕೊಡಿ, ವಾಟ್ಸಾಪೂ ಬೇಡ" ಎಂದಳು. ಯಾಕೆ ಎಂದು ಎರಡು ಸಲ ಕೇಳಿದ ಮೇಲೆ ಫೋನ್ ತೆರೆದು ತೋರಿಸಿದಳು. ಕಾಲೇಜಿನ ಗ್ಯಾದರಿಂಗಿನಲ್ಲಿ (ವಾರ್ಷಿಕೋತ್ಸವದಲ್ಲಿ) ಕುಣಿದ ಫೋಟೋದಿಂದ ಅವಳ ಮುಖ ಕತ್ತರಿಸಿ, ಬಂಗಡೆ ಮೀನಿನ ಮೈಗೆ ಅಂಟಿಸಿ ಸ್ಟಿಕರ್ ಮಾಡಿದ್ದರು. ಕ್ಲಾಸಿನ ಗ್ರೂಪಿನಲ್ಲಿ ಅವಳು ನೋಟ್ಸ್ ಕೇಳಿದರೂ ಅದೇ ಸ್ಟಿಕರ್, ನಾಳೆ ಕ್ಲಾಸಿದೆಯಾ ಎಂದು ಕೇಳಿದರೂ ಅದೇ. ಒಬ್ಬರ ಹಿಂದೆ ಒಬ್ಬರು ಹಾಕಿದ್ದರು. ಯಾರೂ ಬೇಡ ಅಂದಿರಲಿಲ್ಲ. ಗ್ರೂಪಿನಿಂದ ಅಳಿಸಿದರೂ ಸ್ಟಿಕರ್ ಸತ್ತುಹೋಗುವುದಿಲ್ಲ, ಉಳಿಸಿಕೊಂಡವರ ಫೋನಿನಲ್ಲಿ ಇದ್ದೇ ಇರುತ್ತದೆ. ಅದು ಬೇರೆ ಕಾಲೇಜಿಗೂ ದಾಟಿತ್ತು. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹುಡುಗರು ಮುಖ ನೋಡಿ ನಕ್ಕಾಗ ಅವಳಿಗೆ ತಿಳಿಯಿತು. ಮೀನಿಲ್ಲದೆ ಊಟ ಸೇರದ ಊರಿನಲ್ಲಿ, ಮೀನು ಹಿಡಿದು ತರುವವರ ಮಗಳಿಗೆ ಈ ಅವಮಾನ.

"ಮನೇಲಿ ಹೇಳಿದ್ಯಾ?" ಎಂದೆ. "ಹೇಳಿದ್ರೆ ಫೋನ್ ಕಿತ್ಕೊಳ್ತಾರೆ ಅಣ್ಣಾ, ಕಾಲೇಜೂ ಬಿಡಿಸ್ತಾರೆ" ಎಂದಳು.

ನಾನು ಈ ಪತ್ರ ಬರೆಯುತ್ತಿರುವುದು ಆ ಮಾತಿಗಾಗಿ. ಮಕ್ಕಳು ಹೇಳದೆ ಇರುವುದು ಕಾಟ ಕೊಡುವವರ ಹೆದರಿಕೆಗಿಂತ ನಮ್ಮ ಹೆದರಿಕೆಯಿಂದಲೇ ಜಾಸ್ತಿ. 2020ರಲ್ಲಿ ಶಾಲೆ ಮುಚ್ಚಿದಾಗ ನಾವೇ ಮಕ್ಕಳ ಕೈಗೆ ಫೋನ್ ಕೊಟ್ಟೆವು. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿಸಿದೆವು. ಈಗ ಹೋಮ್‌ವರ್ಕು, ನೋಟ್ಸು, ಗೆಳೆಯರು ಎಲ್ಲ ಅದರಲ್ಲೇ. ಅದನ್ನು ಕಿತ್ತುಕೊಂಡರೆ ಕಾಟ ಕೊಟ್ಟವನಿಗೆ ಏನೂ ಆಗುವುದಿಲ್ಲ. ಪೆಟ್ಟು ತಿಂದ ಮಗುವಿಗೇ ಇನ್ನೊಂದು ಶಿಕ್ಷೆ. ಮುಂದಿನ ಸಲ ಅದು ಬಾಯಿ ಬಿಡುತ್ತದಾ?

ಇನ್ನೂ ಒಂದು ಮಾತು, ಇದು ನನ್ನ ಕಸುಬಿನದು. ಒಡೆದ, ಫಾರ್ಮ್ಯಾಟ್ ಆದ ಫೋನಿನಿಂದ ಸಾಕ್ಷಿ ತೆಗೆಯುವುದು ಬಹಳ ಕಷ್ಟ. ವಾಟ್ಸಾಪಿನಲ್ಲಿ ಕಳಿಸಿದವರು ಸುಮಾರು ಎರಡೂವರೆ ದಿನದವರೆಗೂ ತಮ್ಮ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸಬಹುದು. ಹಾಗಾಗಿ ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರ್, ತಾರೀಕು, ಗ್ರೂಪಿನ ಹೆಸರು ಕಾಣುವ ಹಾಗಿರಲಿ. ಗ್ರೂಪ್ ಬಿಡುವ ಮೊದಲು ಗ್ರೂಪ್ ಇನ್ಫೋ ತೆರೆದು, ಯಾರು ಮಾಡಿದ್ದು, ಯಾರ್ಯಾರಿದ್ದಾರೆ ಎಂಬುದನ್ನೂ ತೆಗೆದಿಡಿ. ಒಂದೇ ಸಲ ನೋಡಲು ಬರುವ ಫೋಟೋಕ್ಕೆ ಸ್ಕ್ರೀನ್‌ಶಾಟ್ ಆಗುವುದಿಲ್ಲ, ಬೇರೆ ಫೋನಿನ ಕ್ಯಾಮೆರಾದಲ್ಲಿ ಹಿಡಿಯಬೇಕು. ಇನ್‌ಸ್ಟಾದ ಫೇಕ್ ಅಕೌಂಟ್ ಆಗಿದ್ದರೆ ಪ್ರೊಫೈಲಿನ ಲಿಂಕ್ ಬರೆದಿಟ್ಟುಕೊಳ್ಳಿ. ಬ್ಲಾಕ್, ರಿಪೋರ್ಟ್ ಎಲ್ಲ ಆಮೇಲೆ.

ಆದರೆ ಅದು ಮಗುವಿನ ಬೆತ್ತಲೆ ಚಿತ್ರವಾಗಿದ್ದರೆ ಪ್ರತಿ ತೆಗೆಯಬೇಡಿ, "ನೋಡಿ, ಹೀಗೆ ಮಾಡಿದ್ದಾರೆ" ಎಂದು ಮೇಷ್ಟ್ರಿಗೂ ಫಾರ್ವರ್ಡ್ ಮಾಡಬೇಡಿ. ಐಟಿ ಕಾಯ್ದೆಯ 67ಬಿ ಕಲಮಿನಲ್ಲಿ ಅದು ಅಪರಾಧ. ಫೋನ್ ಹಾಗೇ ಹಿಡಿದುಕೊಂಡು ಪೊಲೀಸರ ಬಳಿ ಹೋಗಿ. ಕಾರವಾರದಲ್ಲಿ ಸೈಬರ್ ಅಪರಾಧದ ದೂರು ತೆಗೆದುಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಅಷ್ಟು ದೂರ ಆಗದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ, ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಕ್ಕಳೇ ಫೋನ್ ಮಾಡಲು 1098 ಇದೆ, ಹಗಲು ರಾತ್ರಿ ಎತ್ತುತ್ತಾರೆ. ಮಗು ಊಟ ನಿದ್ದೆ ಬಿಟ್ಟು ಕೂತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416. ಎರಡಕ್ಕೂ ದುಡ್ಡಿಲ್ಲ.

ಆ ಹುಡುಗಿಯ ಫೋನನ್ನು ನಾನು ಅಳಿಸಿಕೊಡಲಿಲ್ಲ. ಅವಳನ್ನೇ ಕೇಳಿ, ಅವಳ ತಾಯಿಗೆ ಫೋನ್ ಮಾಡಿದೆ. ಆಯಿ ಪೇಟೆಯಿಂದ ಮೀನಿನ ಬುಟ್ಟಿಯ ಸಮೇತ ಬಂದರು. ಎಲ್ಲ ನೋಡಿದರು. ಮಗಳಿಗೆ ಒಂದು ಮಾತೂ ಬೈಯಲಿಲ್ಲ. ಪ್ರಿಂಟ್ ಹಾಕಿಸಿಕೊಂಡು ಮರುದಿನ ಕಾಲೇಜಿಗೆ ಹೋದರು. ಕಾಲೇಜಿನವರು ಸ್ಟಿಕರ್ ಮಾಡಿದವರ ಪಾಲಕರನ್ನು ಕರೆಸಿದರಂತೆ. ಒಬ್ಬರು "ಮಕ್ಕಳಾಟ ಬಿಡಿ" ಎಂದರಂತೆ. ಪ್ರಿಂಟ್ ಮುಂದಿಟ್ಟ ಮೇಲೆ ಸುಮ್ಮನಾದರಂತೆ. ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ.

ಶಾಲೆ, ಕಾಲೇಜಿನವರಲ್ಲಿ ನನ್ನದೊಂದು ಕೋರಿಕೆ. ಪಾಲಕರ ಸಭೆಯಲ್ಲಿ ಅಂಕದ ಮಾತು ಮುಗಿದ ಮೇಲೆ ಇದಕ್ಕೆ ಅರ್ಧ ಗಂಟೆ ಕೊಡಿ. ಕಾಟ ಕೊಟ್ಟವರ ಅಪ್ಪ ಅಮ್ಮನೂ ಅಲ್ಲೇ ಕೂತಿರುತ್ತಾರೆ, ಅಲ್ವಾ? ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಯಾರು ಕರೆದರೂ ನಾನು ಬಂದು ಸ್ಕ್ರೀನ್‌ಶಾಟ್ ತೆಗೆಯುವುದು, ದೂರು ಹಾಕುವುದು ತೋರಿಸಿಕೊಡುತ್ತೇನೆ. ನನ್ನ ಹಾಗೆ ಅಂಗಡಿ ಇಟ್ಟವರಿಗೂ ಹೇಳುವುದಿದೆ. ಮಗು ಒಂದೇ ಬಂದು "ಎಲ್ಲ ಅಳಿಸಿ ಕೊಡಿ" ಎಂದರೆ ಕೂಡಲೇ ಫಾರ್ಮ್ಯಾಟಿಗೆ ಹಾಕಬೇಡಿ. ಏನಾಯ್ತು ಎಂದು ಕೇಳಿ. ರೀಚಾರ್ಜ್ ದರದ ಪಟ್ಟಿಯ ಪಕ್ಕ 1098 ಎಂದು ದೊಡ್ಡದಾಗಿ ಬರೆದು ಅಂಟಿಸಿ.

— ಒಬ್ಬ ಮೊಬೈಲ್ ರಿಪೇರಿಯವ, ಕುಮಟಾ
(ಊರು ಸಣ್ಣದು, ಆ ಮಗುವಿನ ಗುರುತು ಸಿಕ್ಕೀತು. ದಯವಿಟ್ಟು ನನ್ನ ಹೆಸರು ಹಾಕಬೇಡಿ.)