ಮಂಜುಗೆ, ಬುಸಾನಿನ ಶನಿವಾರಗಳ ಬಗ್ಗೆ

ಪ್ರೀತಿಯ ಮಂಜು,

ಬುಸಾನಿನಿಂದ ಒಂದೇ ಶನಿವಾರದಲ್ಲಿ ಸುತ್ತಬೇಕು ಅಂತ ನೀನು ಕಳಿಸಿದ ಪಟ್ಟಿ ನೋಡಿದೆ. ಮೊದಲು ನಗು ಬಂತು, ಆಮೇಲೆ ಸ್ವಲ್ಪ ಗಾಬರಿಯೂ ಆಯ್ತು. ಬೆಳಿಗ್ಗೆ ಗ್ಯೊಂಗ್ಜು, ಮಧ್ಯಾಹ್ನ ಉಲ್ಸಾನ್, ವಾಪಸ್ ಬರುವಾಗ ಸಮುದ್ರದ ಬಂಡೆ ಮೇಲಿರುವ ಯೊಂಗ್ಗುಂಗ್ಸಾ ದೇವಾಲಯ! ಮ್ಯಾಪಿನಲ್ಲಿ ಎಲ್ಲಾ ಪಕ್ಕಪಕ್ಕದಲ್ಲೇ ಇವೆ, ಒಪ್ಪಿದೆ. ಆದರೆ ನಿನ್ನ ಹತ್ತಿರ ಕಾರಿಲ್ಲ ಕಣೋ. ದಕ್ಷಿಣ ಕೊರಿಯಾಕ್ಕೆ ಬಂದ ಮೊದಲ ವರ್ಷ ನಾನೂ ಇಂಥದ್ದೇ ಪಟ್ಟಿ ಹಿಡಿದು ಹೊರಟು, ಅರ್ಧ ದಿನ ಬಸ್ ಸ್ಟಾಪಿನ ಬೆಂಚಿನ ಮೇಲೇ ಕಳೆದಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ, ಒಂದು ದಿನಕ್ಕೆ ಒಂದೇ ಊರು ಇಟ್ಟುಕೋ.

ಇನ್ನೊಂದು ಮಾತು. ಊರು ಆರಿಸುವ ಮೊದಲು ಬಸ್ ಸ್ಟ್ಯಾಂಡ್ ನೋಡಿಕೋ. ಬೆಂಗಳೂರಲ್ಲಿ ಮೈಸೂರಿಗೆ ಅಂದ್ರೆ ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಅಂತ ಬಾಯಲ್ಲೇ ಇರುತ್ತಲ್ಲ, ಇಲ್ಲೂ ಹಾಗೇ. ಬುಸಾನ್ ಬೆಟ್ಟಗಳ ಸಂದಿಯಲ್ಲಿ ಉದ್ದಕ್ಕೆ ಹರಡಿಕೊಂಡ ಊರು. ಉತ್ತರದ ಕಡೆ, ಅಂದರೆ ಗ್ಯೊಂಗ್ಜು, ಥೊಂಗ್ದೊಸಾ ದೇವಾಲಯಕ್ಕೆ ಹೋಗುವ ಬಸ್ಸುಗಳು ಮೆಟ್ರೊ ಒಂದನೇ ಲೈನಿನ ತುದಿಯ ನೋಪೊದಿಂದ ಹೊರಡುತ್ತವೆ. ಪಶ್ಚಿಮದ ಥೊಂಗ್ಯೊಂಗ್, ಜಿಂಜುಗೆ ಎರಡನೇ ಲೈನಿನ ಸಾಸಾಂಗ್. ತಪ್ಪಾದ ಕಡೆ ಹೋದೆಯೋ, ಊರು ದಾಟುವುದರಲ್ಲೇ ಬೆಳಗಿನ ಹೊತ್ತು ಮುಗಿದುಹೋಗುತ್ತದೆ. ನಿನ್ನ ರೂಮು ಬುಸಾನ್ ವಿಶ್ವವಿದ್ಯಾಲಯದ ಹತ್ತಿರ ಅಂದೆ, ಅಲ್ಲಿಂದ ನೋಪೊ ಬರೀ ಆರು ಸ್ಟೇಷನ್. ಹಾಗಾಗಿ ನಿನ್ನ ಮೊದಲ ಶನಿವಾರ ಗ್ಯೊಂಗ್ಜುಗೇ ಮೀಸಲು.

ಬಸ್ಸಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ರೈಲು ಇನ್ನೂ ಬೇಗ, ಆದರೆ ಕೆಟಿಎಕ್ಸ್ ಅನ್ನೋ ವೇಗದ ರೈಲಿನ ಸ್ಟೇಷನ್ ಊರಿಂದ ದೂರ, ಇಳಿದ ಮೇಲೆ ಮತ್ತೆ ಬಸ್ ಹತ್ತಬೇಕು, ಉಳಿಸಿದ ಸಮಯ ಅಲ್ಲೇ ಖರ್ಚು. ಬಸ್ಸಾದರೆ ಊರೊಳಗೇ ಇಳಿಸುತ್ತದೆ, ಅಲ್ಲಿಂದ ಹಳೆಯ ಶಿಲ್ಲಾ ರಾಜ್ಯದ ರಾಜರ ಗೋರಿಗಳಿಗೆ ನಡೆದೇ ಹೋಗಬಹುದು. ಗೋರಿ ಅಂದರೆ ಕಲ್ಲಿನ ಕಟ್ಟಡ ಅಂದುಕೊಳ್ಳಬೇಡ. ಹಸಿರು ಹುಲ್ಲು ಹೊದ್ದ ದುಂಡನೆಯ ದಿಬ್ಬಗಳು, ದೊಡ್ಡದು ಇಪ್ಪತ್ತು ಮೀಟರಿಗೂ ಎತ್ತರ, ಪಕ್ಕದಲ್ಲೇ ಕಾಫಿ ಅಂಗಡಿ, ಸೈಕಲ್ ಹೊಡೆಯುವ ಮಕ್ಕಳು. 1973ರಲ್ಲಿ ಅಗೆದ ಚೊನ್ಮಾಚೊಂಗ್, ಅಂದರೆ ‘ಸ್ವರ್ಗದ ಕುದುರೆಯ ಗೋರಿ’, ಅದರ ಒಳಗೆ ಹೋಗಬಹುದು. ಕುದುರೆಯ ಜೀನಿನಡಿ ಕೆಸರು ಸಿಡಿಯದಂತೆ ಕಟ್ಟುತ್ತಿದ್ದ ಮರದ ತೊಗಟೆಯ ಮೇಲೆ ಹಾರುವ ಬಿಳಿ ಕುದುರೆಯ ಚಿತ್ರ ಅಲ್ಲಿ ಸಿಕ್ಕಿತ್ತು, ಗೋರಿಗೆ ಆ ಹೆಸರು ಬಂದದ್ದೂ ಅದರಿಂದಲೇ.

ಆಮೇಲೆ ಬುಲ್ಗುಕ್ಸಾ ಬೌದ್ಧ ದೇವಾಲಯ, ಅದರ ಮೇಲಿನ ಬೆಟ್ಟದಲ್ಲಿ ಸೊಕ್ಕುರಾಮ್ ಗುಹಾಲಯ. ಎರಡೂ ಎಂಟನೇ ಶತಮಾನದವು, 1995ರಲ್ಲಿ ಒಟ್ಟಿಗೆ ಯುನೆಸ್ಕೊ ಪಟ್ಟಿ ಸೇರಿದವು. ಬುಲ್ಗುಕ್ಸಾ ಅಂಗಳದಲ್ಲಿರುವ ದಬೊತಾಪ್ ಗೋಪುರವನ್ನು ನೀನು ಆಗಲೇ ನೋಡಿರಬಹುದು, 10 ವೊನ್ ನಾಣ್ಯ ತಿರುಗಿಸಿ ನೋಡು. ಸೊಕ್ಕುರಾಮಿನ ಗ್ರಾನೈಟ್ ಬುದ್ಧನನ್ನು ಗಾಜಿನ ಈಚೆಯಿಂದಲೇ ನೋಡಬೇಕು, ಫೋಟೊ ತೆಗೆಯುವ ಹಾಗಿಲ್ಲ, ಎರಡು ನಿಮಿಷದಲ್ಲಿ ಸಾಲು ಮುಂದೆ ತಳ್ಳುತ್ತದೆ. ಇಷ್ಟಕ್ಕಾ ಇಷ್ಟು ದೂರ ಬಂದಿದ್ದು ಅಂತ ಒಂದು ಕ್ಷಣ ಅನಿಸುತ್ತೆ. ಅನಿಸಲಿ ಬಿಡು. ಹೊರಗೆ ಬಂದು ಬುದ್ಧ ನೋಡುತ್ತಿದ್ದ ಕಡೆಗೇ ಮುಖ ಮಾಡಿ ನಿಲ್ಲು, ಆಕಾಶ ಶುಭ್ರವಾಗಿದ್ದರೆ ಬೆಟ್ಟಗಳಾಚೆ ಸಮುದ್ರದ ಗೆರೆ ಕಾಣುತ್ತದೆ. ನಾನು ಹಾಗೇ ನಿಂತು ಕೆಳಗಿಳಿಯುವ ಬಸ್ ತಪ್ಪಿಸಿಕೊಂಡೆ. ಆ ಬಸ್ ಪದೇ ಪದೇ ಬರುವಂಥದ್ದಲ್ಲ. ಕಾಡಿನ ಕಾಲುದಾರಿಯಲ್ಲಿ ಕತ್ತಲಾಗುವ ಮುಂಚೆ ಸರಸರ ಇಳಿದು ಬಂದೆ, ಮೊಣಕಾಲು ಎರಡು ದಿನ ಬೈಯುತ್ತಿತ್ತು. ಹೋದ ಕೂಡಲೇ ವಾಪಸ್ ಬಸ್ಸಿನ ಹೊತ್ತಿನ ಬೋರ್ಡನ್ನು ಫೋಟೊ ತೆಗೆದುಕೋ.

ಊಟದ ಚಿಂತೆ ನಿನಗಿದೆ ಅಂತ ಗೊತ್ತು. ಗ್ಯೊಂಗ್ಜುನಲ್ಲಿ 1939ರಿಂದ ಮಾಡುವ ಹ್ವಾಂಗ್ನಾಮ್ ಬ್ರೆಡ್ ಸಿಗುತ್ತದೆ, ಬ್ರೆಡ್ ಅಂತ ಹೆಸರಷ್ಟೇ, ತೆಳು ಕಣಕದ ಒಳಗೆ ಕೆಂಪು ಕಾಳಿನ ಹೂರಣ ತುಂಬಿದ್ದು. ಮೊಟ್ಟೆ ಇರುತ್ತದೆ, ಅದು ನಿನಗೆ ನಡೆಯುತ್ತಲ್ಲ. ಬಿಬಿಂಬಾಪ್, ಅಂದರೆ ತರಕಾರಿ ಕಲಸಿ ತಿನ್ನುವ ಅನ್ನ, ಕೇಳುವಾಗ ‘ಗೊಗಿ ಪ್ಪೆ ಜುಸೆಯೊ’ ಅನ್ನು, ಮಾಂಸ ತೆಗೆದು ಕೊಡುತ್ತಾರೆ. ಸಾರಿನಲ್ಲಿ ಒಣಮೀನು, ಕಿಮ್ಚಿಯಲ್ಲಿ ಮೀನಿನ ರಸ ಇದ್ದೇ ಇರುತ್ತದೆ, ಅದಕ್ಕೆ ಎಷ್ಟು ಕಣ್ಣು ಮುಚ್ಚುತ್ತೀಯೋ ನಿನಗೆ ಬಿಟ್ಟದ್ದು.

ಥೊಂಗ್ಯೊಂಗ್‌ಗೆ ಮಳೆ ಗಾಳಿ ಇಲ್ಲದ ದಿನ ನೋಡಿ ಹೋಗು. ಮಿರುಕ್ಸಾನ್ ಬೆಟ್ಟದ ಕೇಬಲ್ ಕಾರ್ ಗಾಳಿ ಜೋರಾದರೆ ನಿಲ್ಲುತ್ತದೆ, ಅದಿಲ್ಲದೆ ಆ ಊರಿಗೆ ಹೋಗಿ ಬಂದವನು ನಾನು. ಮೇಲೆ ನಿಂತರೆ ದ್ವೀಪಗಳ ರಾಶಿ ಕಾಣುತ್ತದಂತೆ, ಅದರಲ್ಲಿ ಒಂದು ಹಾನ್ಸಾನ್. 1592ರಲ್ಲಿ ಕೊರಿಯಾದ ನೌಕಾ ಸೇನಾಪತಿ ಯಿ ಸುನ್‌ಸಿನ್ ಜಪಾನೀಯರ ಹಡಗುಗಳನ್ನು ಸುತ್ತುವರಿದು ಮುಳುಗಿಸಿದ ನೀರು ಅದೇ. ನನಗೆ ದಕ್ಕಿದ್ದು ಬಂದರಿನ ಚುಂಗ್ಮು ಕಿಂಬಾಪ್ ಮಾತ್ರ. ಒಳಗೆ ಏನೂ ಇಡದ ಅನ್ನದ ಸುರುಳಿ, ಪಲ್ಯ ಬೇರೆ ತಟ್ಟೆಯಲ್ಲಿ. ಕಡಲಿಗೆ ಹೋಗುವವರ ಬುತ್ತಿ ಬಿಸಿಲಿಗೆ ಹಳಸಬಾರದು ಅಂತ ಹಾಗೆ ಮಾಡುತ್ತಿದ್ದರಂತೆ.

ಸೋಮಾರಿ ಭಾನುವಾರಕ್ಕೆ ಗಿಮ್ಹೆ ಇದೆ. ಸಾಸಾಂಗಿನಿಂದ ಡ್ರೈವರ್ ಇಲ್ಲದ ಪುಟ್ಟ ರೈಲು, ಮುಂದಿನ ಸೀಟು ಸಿಕ್ಕರೆ ಮಗುವಿನ ಹಾಗೆ ಕೂತು ನೋಡಬಹುದು. ಅಲ್ಲಿ ಹಳೆಯ ಗಾಯಾ ರಾಜ್ಯದ ಸುರೊ ರಾಜನ ಗೋರಿ ಇದೆ, ಸ್ವಲ್ಪ ದೂರದಲ್ಲಿ ರಾಣಿ ಹೊ ಹ್ವಾಂಗೊಕ್‌ಳದ್ದು. ಆಕೆ ಕ್ರಿ.ಶ. 48ರಲ್ಲಿ ಅಯುತ ಎಂಬ ದೇಶದಿಂದ ಹಡಗಲ್ಲಿ ಬಂದಳು ಎಂದು ಹದಿಮೂರನೇ ಶತಮಾನದ ಸಂಗುಕ್ ಯುಸಾ ಎಂಬ ಗ್ರಂಥ ಹೇಳುತ್ತದೆ. ಅಯುತ ಅಂದರೆ ಅಯೋಧ್ಯೆ ಅಂತ ಇಲ್ಲಿ ಬಹಳ ಜನ ನಂಬುತ್ತಾರೆ, ಇತಿಹಾಸಕಾರರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅಲೆ ಅಡಗಿಸಲು ಆಕೆ ಹಡಗಲ್ಲಿ ತಂದಳು ಎನ್ನುವ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದಾರೆ, ನೋಡು. ಆಫೀಸಲ್ಲಿ ಈ ರಾಜ-ರಾಣಿಯ ವಂಶದವರು ಅಂದುಕೊಳ್ಳುವ ಗಿಮ್ಹೆಯ ಕಿಮ್ ಮನೆತನದವರು ಯಾರಾದರೂ ಇದ್ದರೆ, ನೀನು ಭಾರತದವನು ಅಂದ ಕೂಡಲೇ ‘ನಮ್ಮ ಅಜ್ಜಿ ನಿಮ್ಮೂರವಳು’ ಅಂತ ಶುರು ಮಾಡುತ್ತಾರೆ. ಇಲ್ಲ ಅನ್ನಬೇಡ, ನಾನೂ ಅನ್ನಲಿಲ್ಲ, ಕಾಫಿ ಸಿಕ್ಕಿತು.

ಬೇರೆ ಸಣ್ಣಪುಟ್ಟದ್ದು: ಗೂಗಲ್ ಮ್ಯಾಪ್ ನೆಚ್ಚಿಕೊಳ್ಳಬೇಡ, ಇಲ್ಲಿನ ನೇವರ್ ಮ್ಯಾಪ್ ಹಾಕಿಕೋ. ಹಂಗುಲ್ ಅಕ್ಷರ ಓದಲು ಕಲಿ, ನಮ್ಮ ಅಕ್ಷರಮಾಲೆ ಬರೆದ ಕೈಗೆ ಅದು ಒಂದು ವಾರದ ಕೆಲಸ. ಸಿಟಿ ಬಸ್ಸಲ್ಲಿ ಇಳಿಯುವಾಗಲೂ ಕಾರ್ಡ್ ತೋರಿಸು, ಮುಂದಿನ ಬಸ್ಸಿಗೆ ರಿಯಾಯಿತಿ ಸಿಗುತ್ತೆ. ಚುಸೊಕ್ ಹಬ್ಬಕ್ಕೆ ದೇಶವೇ ರಸ್ತೆಯಲ್ಲಿರುತ್ತದೆ, ಆಗ ಸುಮ್ನೆ ಮೆಟ್ರೊ ಹತ್ತಿ ಬೊಮೊಸಾ ದೇವಾಲಯಕ್ಕೆ ಹೋಗಿ ಬಾ, ಅದು ನಿನ್ನದೇ ಲೈನಿನಲ್ಲಿದೆ.

ಮೊದಲ ಶನಿವಾರ ನಾನೂ ಬರುತ್ತೇನೆ. ಎಂಟು ಗಂಟೆಗೆ ನೋಪೊ, ಟಿಕೆಟ್ ಮೆಷಿನ್ ಪಕ್ಕ. ಅಮ್ಮ ಕಳಿಸಿದ ಚಟ್ನಿಪುಡಿ ತರೋದು ಮರೀಬೇಡ, ಗೋರಿ ದಿಬ್ಬದ ಎದುರು ಕೂತು ಬರೀ ಅನ್ನದ ಕಿಂಬಾಪಿಗೆ ಹಚ್ಚಿಕೊಂಡು ತಿನ್ನಬೇಕು ಅಂತ ಬಹಳ ದಿನದಿಂದ ಆಸೆ ಇದೆ.

ಇಂತಿ ನಿನ್ನ,
ಶ್ರೀಧರ