ಹೆಡ್‌ಫೋನಿನಲ್ಲಿ ಯಕ್ಷಗಾನ ಕೇಳುವವರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಇಲ್ಲಿ ಹಂಚಿಕೊಂಡ ಯಕ್ಷಗಾನದ ಧ್ವನಿಮುದ್ರಿಕೆಗಳಲ್ಲಿ ಚೆಂಡೆಯ ಪೆಟ್ಟು ಒಡೆದಂತೆ ಕೇಳುತ್ತದೆ, ಭಾಗವತರ ಸ್ವರ ಮಂಕಾಗಿದೆ ಎಂದು ಉಡುಪಿ, ಮಂಗಳೂರಿನ ಹಲವರು ತಿಳಿಸಿರುವುದರಿಂದ ಈ ಸೂಚನೆಯನ್ನು ಬರೆಯುತ್ತಿದ್ದೇನೆ.

ಹೊಸ ಹೆಡ್‌ಫೋನಿಗೆ ಹಣ ಹಾಕುವ ಮೊದಲು, ಈಗಿರುವ ಇಯರ್‌ಫೋನಿನ ರಬ್ಬರ್ ತುದಿ ಕಿವಿಯಲ್ಲಿ ಬಿಗಿಯಾಗಿ ಕೂರುತ್ತದೆಯೇ ನೋಡಿಕೊಳ್ಳಿ; ಅದು ಸಡಿಲವಿದ್ದರೆ, ಬೆಲೆ ಎಷ್ಟೇ ಇರಲಿ, ಮದ್ದಳೆಯ ತಗ್ಗಿನ ನಾದವೇ ಮೊದಲು ಸೋರಿಹೋಗುತ್ತದೆ. ಬ್ಲೂಟೂತ್ ಬಳಸುವವರು ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ವಿಧಾನ) ಯಾವುದೆಂದು ಗಮನಿಸಬೇಕು. ಫೋನ್ ಮತ್ತು ಹೆಡ್‌ಫೋನ್ ಎರಡರಲ್ಲೂ ಎಲ್‌ಡಿಎಸಿ ಎಂಬ ಕೋಡೆಕ್ ಇದ್ದರೆ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ದತ್ತಾಂಶ ಸಾಗಬಲ್ಲದು. ಐಫೋನಿನಲ್ಲಿ ಈ ಸೌಲಭ್ಯವಿಲ್ಲ, ಅದು ಸಾಮಾನ್ಯವಾಗಿ ಎಎಸಿ ಎಂಬ ಇನ್ನೊಂದು ಕೋಡೆಕ್ ಬಳಸುತ್ತದೆ. ಹಳೆಯ ತಂತಿಯ ಹೆಡ್‌ಫೋನನ್ನು ದಯವಿಟ್ಟು ಎಸೆಯಬೇಡಿ. ನನ್ನ ಮಟ್ಟಿಗೆ ಈಗಲೂ ಅದೇ ಮೇಲು, 3.5 ಮಿ.ಮೀ. ಹೆಡ್‌ಫೋನ್ ಕಿಂಡಿಯಿಲ್ಲದ ಫೋನಿಗೆ ಡಿಎಸಿ (ಡಿಜಿಟಲ್ ದತ್ತಾಂಶವನ್ನು ಹೆಡ್‌ಫೋನಿಗೆ ಬೇಕಾದ ಧ್ವನಿಸಂಕೇತವಾಗಿಸುವ ಚಿಪ್) ಒಳಗೊಂಡ ಟೈಪ್-ಸಿ ಅಡಾಪ್ಟರ್ ಸಾಕಾಗುತ್ತದೆ. ಈಕ್ವಲೈಸರಿನಲ್ಲಿ (ತಗ್ಗು, ಎತ್ತರದ ನಾದಗಳನ್ನು ಬೇರೆಬೇರೆಯಾಗಿ ಹೊಂದಿಸುವ ಸೆಟ್ಟಿಂಗ್) ಬಾಸ್, ಅಂದರೆ ತಗ್ಗಿನ ನಾದವನ್ನು, ವಿಪರೀತ ಏರಿಸಿದರೂ ಚೆಂಡೆ ಒಡೆಯುತ್ತದೆ.

ಕಡತ ಕಳುಹಿಸುವವರಲ್ಲಿ ಒಂದು ವಿನಂತಿ: ಸ್ಪೀಕರಿನಲ್ಲಿ ಹಾಕಿ ವಾಯ್ಸ್ ಮೆಸೇಜ್ ಆಗಿ ಮತ್ತೆ ಮುದ್ರಿಸದೆ, ಮೂಲ ಕಡತವನ್ನೇ ಡಾಕ್ಯುಮೆಂಟ್ ರೂಪದಲ್ಲಿ ಹಾಕಿ; ಹಾಗೆ ಮತ್ತೆ ಮುದ್ರಿಸುವಾಗ ಕಳೆದುಹೋದ ಸ್ವರವನ್ನು ಯಾವ ಹೆಡ್‌ಫೋನೂ ಮರಳಿ ತರಲಾರದು.