ಮಧ್ಯಾಹ್ನದ ಬಿಸಿಲಲ್ಲಿ ಫೋಟೋ ಆಟ

ದೋಸ್ತ,

ಬಳ್ಳಾರಿಯಲ್ಲಿ ಫೋಟೋ ತೆಗೆಯೋಕೆ ಏನಿದೆ ಅಂತ ಮೊನ್ನೆ ಕೇಳಿದೆಯಲ್ಲ, ಫೋನಿನಲ್ಲಿ ಹೇಳಿದರೆ ನೀನು ನಂಬುವುದಿಲ್ಲ ಅಂತ ಬರೆಯುತ್ತಿದ್ದೇನೆ. ಇಲ್ಲಿ ಬಿಸಿಲಿದೆ. ಅದೂ ಮಟಮಟ ಮಧ್ಯಾಹ್ನದ ಬಿಸಿಲು. ಫೋಟೋಗ್ರಫಿ ಕಲಿಸುವ ಯಾರನ್ನೇ ಕೇಳು, ಬೆಳಗ್ಗೆ ತೆಗಿ ಇಲ್ಲವೇ ಸಂಜೆ ತೆಗಿ, ಮಧ್ಯಾಹ್ನ ಕ್ಯಾಮೆರಾ ಒಳಗಿಡು ಅನ್ನುತ್ತಾರೆ. ಮದುವೆ ಆಲ್ಬಮ್ಮಿಗೆ ಅದು ಸರಿ, ಕಣ್ಣ ಕೆಳಗೆ ಕಪ್ಪು ನೆರಳು ಬಿದ್ದರೆ ಮದುಮಗಳು ಸುಮ್ನೆ ಬಿಡುತ್ತಾಳಾ? ಆದರೆ ನನಗೆ ಈಗ ಹಿಡಿದಿರುವ ಹುಚ್ಚಿಗೆ ಆ ಬಿಸಿಲೇ ಬೇಕು.

ಶುರುವಾದದ್ದು ಕತ್ತಲೆ ಕೋಣೆಯಿಂದ. ಹಂಪಿಯ ವಿರೂಪಾಕ್ಷ ಗುಡಿಯ ಹಿಂಭಾಗದ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆ ಮೇಲೆ ಬೀಳುವುದನ್ನು ನೋಡಿದ್ದೆವಲ್ಲ. ಸುಮಾರು 50 ಮೀಟರ್ ಎತ್ತರದ ಗೋಪುರ, ಒಂದು ಸಣ್ಣ ಕಿಂಡಿಯಲ್ಲಿ ನುಸುಳಿ ಒಳಗೆ ಬಂದಿರುತ್ತದೆ. ಬೆಳಕು ಹೋಗುವುದು ನೆಟ್ಟಗೆ, ಹಾಗಾಗಿ ಮೇಲಿನಿಂದ ಬಂದದ್ದು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಕೆಳಗಿನದು ಮೇಲೆ. ಅಷ್ಟೇ ಆದರೆ ಮನೆಯಲ್ಲೂ ಆಗಬೇಕಲ್ವಾ? ಬೀದಿ ಕಡೆಯ ಕಿಟಕಿಗೆ ರಟ್ಟು ಬಡಿದು, ಬೆಳಕು ಬರುವ ಸಂದಿಗೆಲ್ಲ ಹಳೇ ಬಟ್ಟೆ ತುರುಕಿ, ರಟ್ಟಿನ ನಡುವೆ ಮೆಣಸಿನ ಕಾಳಿನಷ್ಟು ತೂತು ಮಾಡಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿದ್ದ ಹಾಗೆ ಎದುರು ಗೋಡೆ ಮೇಲೆ ಇಡೀ ಬೀದಿ ಬಂತು, ಬಣ್ಣದ ಸಮೇತ. ಎದುರು ಮನೆಯವರು ಒಣಹಾಕಿದ ಸೀರೆ ಮೇಲ್ಮುಖವಾಗಿ ತೂಗಾಡುತ್ತಿದೆ, ಆಟೋ ಒಂದು ಚಕ್ರ ಮೇಲೆ ಮಾಡಿಕೊಂಡು ಸೂರಿನ ಹತ್ತಿರ ಹೋಯಿತು. ಅವ್ವ ಬಂದು ನೋಡಿ, ಇದೇನೋ ಕರೆಂಟಿಲ್ಲದ ಟಿವಿ ಅಂದಳು. ಮೊಬೈಲನ್ನು ಸ್ಟೂಲ್ ಮೇಲೆ ಅಲುಗದಂತೆ ನಿಲ್ಲಿಸಿ ನೈಟ್ ಮೋಡ್‌ನಲ್ಲಿ ತೆಗೆದರೆ ಕಣ್ಣಿಗೆ ಕಂಡದ್ದಕ್ಕಿಂತ ಚೆನ್ನಾಗಿ ಬರುತ್ತದೆ, ನಡೆದು ಹೋಗುವವರು ಮಾತ್ರ ಅದರಲ್ಲಿ ಕರಗಿಬಿಡುತ್ತಾರೆ. ಮೋಡ ಕವಿದರೆ ಆಟ ಬಂದ್.

ಇನ್ನೊಂದು ಸಯನೋಟೈಪ್, ಅಂದರೆ ಬಿಸಿಲಿನಿಂದಲೇ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ವಿಧಾನ. ಇದಕ್ಕೆ ಕ್ಯಾಮೆರಾನೇ ಬೇಡ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ಮರುವರ್ಷವೇ ಅನ್ನಾ ಅಟ್ಕಿನ್ಸ್ ಅನ್ನುವ ಹೆಣ್ಣುಮಗಳು ಸಮುದ್ರದ ಪಾಚಿಗಳನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ಆ ಚಿತ್ರಗಳ ಪುಸ್ತಕ ಶುರು ಮಾಡಿದಳು. ಅದೂ ಇಂಗ್ಲೆಂಡಿನ ಬಿಸಿಲಲ್ಲಿ! ನಮಗೇನು ಬರ? ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಬೇಕು, ಮಬ್ಬು ಬೆಳಕಿನಲ್ಲಿ ದಪ್ಪ ಕಾಗದಕ್ಕೆ ಬಳಿದು ಒಣಗಿಸಬೇಕು (ಕೈಗೆ ಗ್ಲೌಸ್ ಇರಲಿ), ಆಮೇಲೆ ಅದರ ಮೇಲೆ ಏನಾದರೂ ಇಟ್ಟು ಮಾಳಿಗೆ ಮೇಲೆ ಬಿಸಿಲಿಗೆ ಇಡಬೇಕು. ಇಲ್ಲಿ ಕೆಲವೇ ನಿಮಿಷ ಸಾಕು. ನೀರಲ್ಲಿ ತೊಳೆದರೆ ಬಿಸಿಲು ತಾಗಿದ ಜಾಗವೆಲ್ಲ ಕಡುನೀಲಿ, ನೆರಳಿದ್ದ ಜಾಗ ಬಿಳಿ. ಹಳೇ ಇಂಜಿನಿಯರುಗಳ ಬ್ಲೂಪ್ರಿಂಟ್ ಇದ್ದದ್ದೂ ಇದೇ.

ಬೇವಿನ ಎಲೆ ಇಟ್ಟೆ, ಚೆನ್ನಾಗಿ ಬಂತು, ಆದರೆ ಎಲೆ ಎಲ್ಲರೂ ಇಡುತ್ತಾರೆ. ಪಕ್ಕದ ಬೀದಿಯ ಜೀನ್ಸ್ ಹೊಲಿಯುವವರಿಂದ ಜಿಪ್ಪು, ಗುಂಡಿ, ನೂಲಿನ ಚೂರು ತಂದು ಚೆಲ್ಲಿದೆ. ಆಮೇಲೆ ಅವ್ವನ ಗಾಜಿನ ಬಳೆ. ಗಾಜು ಬೆಳಕನ್ನು ಪೂರ್ತಿ ತಡೆಯುವುದಿಲ್ಲ, ಒಂದಿಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಬಳೆಯ ಬಿಳಿ ಸುತ್ತಿನೊಳಗೇ ನೀಲಿ ಎಳೆಗಳು ಮೂಡಿದವು. ಆಗ ನೆನಪಾದದ್ದು ನಮ್ಮ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟ. ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಒಡವೆ ಬರಬೇಕಾದಲ್ಲಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರಲ್ಲ. ಬೆಳಕನ್ನು ಎಲ್ಲಿ ತಡೆಯಬೇಕು, ಎಲ್ಲಿ ಅರ್ಧ ಬಿಡಬೇಕು ಅನ್ನುವ ಲೆಕ್ಕ ಆ ಗೊಂಬೆ ಮಾಡುವವರಿಗೆ ಕ್ಯಾಮೆರಾ ಬರುವ ಮೊದಲೇ ಗೊತ್ತಿತ್ತು. ನಾವು ಮಾತ್ರ ಯಾವ ಲೆನ್ಸ್ ತಗೊಳ್ಳಲಿ ಅಂತ ತಲೆ ಕೆಡಿಸಿಕೊಂಡು ಕೂತಿರುತ್ತೇವೆ.

ಮೊಬೈಲೂ ಬೇಕು, ಇಲ್ಲ ಅನ್ನುವುದಿಲ್ಲ. ಕುಂಬಾರ ಗುಡ್ಡ ಒಂದು ಕಡೆಯಿಂದ ಮಲಗಿದ ಮನುಷ್ಯನ ಮುಖ ಕಂಡ ಹಾಗೆ ಕಾಣುತ್ತದಲ್ಲ, ಅದರ ಬಾಯಿಗೆ ನನ್ನ ತಮ್ಮ ಮಿರ್ಚಿ ತಿನ್ನಿಸುತ್ತಿರುವ ಹಾಗೆ ಕಾಣುವ ಫೋಟೋ ತೆಗೆದೆ. ದೊಡ್ಡ ಕ್ಯಾಮೆರಾದಲ್ಲಿ ಮಿರ್ಚಿ ಸ್ಪಷ್ಟವಾದರೆ ಗುಡ್ಡ ಮಸುಕಾಗುತ್ತದೆ. ಮೊಬೈಲಿನೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ತಮ್ಮನನ್ನು ಸ್ವಲ್ಪ ದೂರ ನಿಲ್ಲಿಸಿದರೆ ಎರಡೂ ಸ್ಪಷ್ಟ ಬರುತ್ತವೆ, ಬಿಸಿಲು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅವನು ಕೈ ಎತ್ತಿ ಎತ್ತಿ ಸುಸ್ತಾಗಿ ಕೊನೆಗೆ ಮಿರ್ಚಿ ತಾನೇ ತಿಂದ, ಆ ಫೋಟೋನೇ ಎಲ್ಲಕ್ಕಿಂತ ಚೆನ್ನಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳ ಮೊದಲ ದಿನಗಳಲ್ಲಿ, ಮತ್ತೆ ಆಗಸ್ಟ್ ಎರಡನೇ ವಾರದಲ್ಲಿ ಬಳ್ಳಾರಿಯಲ್ಲಿ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. 12 ಗಂಟೆ 20 ನಿಮಿಷದ ಆಸುಪಾಸು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ನೆರಳಿಲ್ಲದ ಫೋಟೋ ನೋಡಿದರೆ ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸಿದ್ದು ಅನ್ನುತ್ತಾರೆ ಜನ. ಆಗಸ್ಟಿನಲ್ಲಿ ಮೋಡದ ಭರವಸೆ ಇಲ್ಲ, ಮೇಗೆ ಬಾ. ಕೆಮಿಸ್ಟ್ರಿ ಮೇಷ್ಟ್ರು ಕೊಟ್ಟಿದ್ದ ಸಯನೋಟೈಪ್ ಪುಡಿಗಳು ಮುಗಿದಿವೆ, ಬೆಂಗಳೂರಲ್ಲಿ ಕೆಮಿಕಲ್ ಅಂಗಡಿ ಹುಡುಕಿ ಎರಡೂ ನೂರು ನೂರು ಗ್ರಾಂ ತಗೊಂಡು ಬಾ, ದುಡ್ಡು ಇಲ್ಲಿ ಕೊಡುತ್ತೇನೆ. ಟೋಪಿಯೂ ತಾ, ಆಮೇಲೆ ತಲೆನೋವು ಅಂತ ನನ್ನ ಜೀವ ತಿನ್ನಬೇಡ.

ನಿನ್ನ ದೋಸ್ತ